ರಿಪೋರ್ಟ್ ನಾರ್ಮಲ್ ಇದ್ದರೂ ನೋವು ಸುಳ್ಳಲ್ಲ

ನಿಮ್ಮ ಮನೆಯಲ್ಲಿ ಹೀಗೊಬ್ಬರು ಇದ್ದಾರೆಯೇ, ಸ್ವಲ್ಪ ಯೋಚಿಸಿ ನೋಡಿ. ಫಜ್ರ್‌ಗೆ ಎದ್ದಾಗಲೇ ಮೈಯೆಲ್ಲ ಯಾರೋ ಹೊಡೆದು ಹಾಕಿದ ಹಾಗಿರುತ್ತದೆ. ಏಳೆಂಟು ಗಂಟೆ ಮಲಗಿದ್ದರೂ ನಿದ್ದೆ ಮಾಡಿದ ಅನುಭವವಿಲ್ಲ. ಇವತ್ತು ಕತ್ತು, ನಾಳೆ ಸೊಂಟ, ನಾಡಿದ್ದು ತೊಡೆ. ಮಗು ಓಡಿ ಬಂದು ತೋಳು ಹಿಡಿದರೂ ಜೀವ ಹೋದಂತಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಮರೆತುಬಿಡುತ್ತಾರೆ, ಹೇಳಬೇಕೆಂದಿದ್ದ ಮಾತು ಬಾಯಿಗೆ ಬರುವುದಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ಆಗಿದೆ. ಎಲ್ಲವೂ ನಾರ್ಮಲ್. ಫೈಲ್ ಮಾತ್ರ ದಪ್ಪವಾಗಿದೆ.

ಇಂಥವರ ಬಗ್ಗೆ ಮನೆಯವರು ಎರಡು ಮಾತು ಆಡುತ್ತಾರೆ. ಒಂದು, ಎದುರಿಗೆ: "ಎಲ್ಲ ಸರಿಯಿದೆಯಲ್ಲ, ಧೈರ್ಯವಾಗಿರು." ಇನ್ನೊಂದು, ಹಿಂದೆ: "ಕೆಲಸ ಅಂದರೆ ಮೈ ನೋವು, ಮದುವೆ ಮನೆ ಅಂದರೆ ನೋವಿಲ್ಲ."

ಈ ಕಾಯಿಲೆಗೆ ಫೈಬ್ರೋಮಯಾಲ್ಜಿಯಾ ಎಂದು ಹೆಸರು. ಹೆಸರು ಕಠಿಣ. ಕಾಯಿಲೆ ಅಷ್ಟೇನೂ ಅಪರೂಪದ್ದಲ್ಲ. ನೂರು ಮಂದಿಯಲ್ಲಿ ಸುಮಾರು ಎರಡು-ಮೂರು ಮಂದಿಗೆ ಇರಬಹುದು ಎಂಬ ಅಂದಾಜಿದೆ. ಹೆಂಗಸರಲ್ಲಿ ಹೆಚ್ಚು ಕಾಣಿಸುತ್ತದೆ, ಆದರೆ ಗಂಡಸರಿಗೆ ಬರುವುದಿಲ್ಲ ಎಂದಲ್ಲ. 2020ರ ಮಾರ್ಚ್ 25ರಿಂದ ನಾವು ಕಂಡ ಲಾಕ್‌ಡೌನ್ ಮತ್ತು 2021ರ ಏಪ್ರಿಲ್ ಕೊನೆಯಿಂದ ನಮ್ಮ ರಾಜ್ಯದಲ್ಲಿ ನಡೆದ ಎರಡನೆಯ ಲಾಕ್‌ಡೌನ್ ಈ ರೋಗಿಗಳನ್ನು ಹಿಂಡಿದಂತೆ ಬೇರೆ ಯಾರನ್ನೂ ಹಿಂಡಿಲ್ಲ ಎನ್ನಲಾರೆ. ಆಮ್ಲಜನಕಕ್ಕಾಗಿ ಅಲೆದವರ ಸಂಕಟ ನಮ್ಮೆಲ್ಲರ ಕಣ್ಣ ಮುಂದಿದೆ. ಆದರೆ ಇವರ ಸಂಕಟ ಯಾರ ಲೆಕ್ಕಕ್ಕೂ ಬರಲಿಲ್ಲ. ಅದಕ್ಕೇ ಈ ತಿಂಗಳು ರೋಗನಿರೋಧಕ ಶಕ್ತಿಯ ಕಷಾಯದ ಬಗ್ಗೆ ಬರೆಯುವುದನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ.

2020ರ ಫೆಬ್ರವರಿಯಲ್ಲಿ ಒಬ್ಬ ಸಹೋದರಿ ನನ್ನ ದವಾಖಾನೆಗೆ ಬಂದರು. ನಲವತ್ತರ ಆಸುಪಾಸಿನ ವಯಸ್ಸು, ಬೀಡಿ ಕಟ್ಟುವವರು, ಗಂಡ ಆಟೋ ಓಡಿಸುತ್ತಾರೆ. ಎರಡು ವರ್ಷದಿಂದ ಮೈಯೆಲ್ಲ ನೋವು. ನಾಡಿ ನೋಡಿದೆ, ಕೀಲುಗಳನ್ನು ಒತ್ತಿ ನೋಡಿದೆ. ಬಾವು ಇಲ್ಲ, ಕೆಂಪಾಗಿಲ್ಲ, ಜ್ವರವಿಲ್ಲ. ಅವರು ತಂದಿದ್ದ ಇ.ಎಸ್.ಆರ್., ಥೈರಾಯ್ಡ್, ಆರ್.ಎ. ಫ್ಯಾಕ್ಟರ್ ಎಲ್ಲವೂ ಸರಿಯಿದ್ದವು. ಹಚ್ಚಿಕೊಳ್ಳಲು ಒಂದು ಎಣ್ಣೆ, ನುಂಗಲು ಒಂದು ಗುಳಿಗೆ ಕೊಟ್ಟು, "ನಿಮಗೆ ಏನೂ ಇಲ್ಲಮ್ಮ, ಚಿಂತೆ ಬಿಡಿ" ಎಂದು ಕಳುಹಿಸಿದೆ. ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

ಮತ್ತೆ ಅವರು ಬಂದದ್ದು ಅಕ್ಟೋಬರ್‌ನಲ್ಲಿ. ಮುಖ ಬಾಡಿತ್ತು. ಕುಳಿತವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ಮೇಡಂ, ಅವತ್ತು ನೀವು ಏನೂ ಇಲ್ಲ ಅಂದಿರಿ. ಲಾಕ್‌ಡೌನ್ ಪೂರ್ತಿ ನಮ್ಮ ಮನೆಯಲ್ಲಿ ಅದೇ ಮಾತು. ಸ್ವಲ್ಪ ಒರಗಿಕೊಂಡರೆ ಸಾಕು, ಇವರು, 'ಡಾಕ್ಟರೇ ಏನೂ ಇಲ್ಲ ಅಂದಿದ್ದಾರೆ, ಏಳು' ಅನ್ನೋರು. ಅತ್ತೆಯೂ ಅದನ್ನೇ ಅನ್ನೋರು. ಮಕ್ಕಳೂ ಕಲಿತುಬಿಟ್ಟವು."

ನನ್ನ ಒಂದು ಮಾತು ಬಾಗಿಲು ಹಾಕಿದ ಮನೆಯೊಳಗೆ ಆರು ತಿಂಗಳು ಅವರ ಮೇಲೆ ಬಡಿಗೆಯಂತೆ ಬಿದ್ದಿತ್ತು. "ನನಗೆ ಏನೂ ಕಾಣಿಸಲಿಲ್ಲ" ಎನ್ನುವುದಕ್ಕೂ "ನಿಮಗೆ ಏನೂ ಇಲ್ಲ" ಎನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಅವತ್ತು ನನಗೆ ತಿಳಿಯಿತು. ಈ ಪತ್ರಿಕೆಯನ್ನು ಓದುವ ವೈದ್ಯ ಮಿತ್ರರು, ಅಲೋಪಥಿಯವರಿರಲಿ, ಯುನಾನಿಯವರಿರಲಿ, ದಯವಿಟ್ಟು ಈ ಎರಡನೆಯ ವಾಕ್ಯವನ್ನು ಬಾಯಿಂದ ಬಿಟ್ಟುಬಿಡಬೇಕು.

ನೋವಿದೆ, ಗಾಯವಿಲ್ಲ, ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನಮ್ಮ ಮಸೀದಿಯ ಮೈಕನ್ನು ನೆನಪಿಸಿಕೊಳ್ಳಿ. ಮಾತಾಡುವವರು ಮೆಲ್ಲಗೆ ಮಾತಾಡಿದರೂ ಆಂಪ್ಲಿಫೈಯರ್‌ನ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟರೆ ಕಿವಿ ಕಿತ್ತುಹೋಗುವಷ್ಟು ಸದ್ದು ಬರುತ್ತದೆ. ದೋಷ ಮಾತಾಡುವವರಲ್ಲಿಲ್ಲ, ಪೆಟ್ಟಿಗೆಯಲ್ಲಿದೆ. ಫೈಬ್ರೋಮಯಾಲ್ಜಿಯಾದಲ್ಲಿ ಮೆದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ಹೀಗೆ ಹಿಗ್ಗಿಸಿ ಕೇಳಿಸಿಕೊಳ್ಳುತ್ತವೆ. ಸ್ನಾಯುವಿನ ಎಕ್ಸ್‌ರೇ ತೆಗೆದರೆ ಏನು ಸಿಗಬೇಕು? ಮೈಕನ್ನು ಬಿಚ್ಚಿ ನೋಡಿದ ಹಾಗೆ ಅಷ್ಟೇ. ರೋಗಿ ಅನುಭವಿಸುವ ನೋವು ಮಾತ್ರ ಪೂರ್ತಿ ನಿಜ. ಮನಸ್ಸಿನ ಕಲ್ಪನೆಯಲ್ಲ, ನಾಟಕವೂ ಅಲ್ಲ.

ಮೊದಲೆಲ್ಲ ಮೈಯ 18 ಜಾಗಗಳನ್ನು ಬೆರಳಿನಿಂದ ಒತ್ತಿ, 11 ಕಡೆ ನೋವಾದರೆ ಮಾತ್ರ ಈ ಕಾಯಿಲೆ ಎನ್ನುತ್ತಿದ್ದರು. ಅದು 1990ರ ಅಮೆರಿಕದ ಸಂಧಿರೋಗ ತಜ್ಞರ ಮಾನದಂಡ. 2010ರಲ್ಲಿ ಅವರೇ ಅದನ್ನು ಬದಲಿಸಿ, ಮೈಯಲ್ಲಿ ಎಷ್ಟು ಕಡೆ ನೋವಿದೆ, ಸುಸ್ತು ಎಷ್ಟು, ಎದ್ದಾಗ ಮೈ ಹಗುರವಾಗಿರುತ್ತದೆಯೇ, ಮರೆವು ಮಂಕು ಇದೆಯೇ, ಇದೆಲ್ಲ ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇದೆಯೇ ಎಂದು ಕೇಳಿ ತಿಳಿಯುವ ಕ್ರಮ ತಂದರು. ಅಂದರೆ ಈ ರೋಗ ಪತ್ತೆಯಾಗುವುದು ರೋಗಿಯ ಮಾತು ಕೇಳಿದಾಗ. ಕೇಳುವವರಿಲ್ಲದಿದ್ದರೆ ಪತ್ತೆಯಾಗುವುದಿಲ್ಲ. ರಕ್ತಪರೀಕ್ಷೆ ಬೇಕು, ಥೈರಾಯ್ಡ್, ಸಂಧಿವಾತ, ರಕ್ತಹೀನತೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಒಮ್ಮೆ ಮಾಡಿಸಿ ಸರಿಯಿದ್ದರೆ, ಆರು ತಿಂಗಳಿಗೊಮ್ಮೆ ಊರು ಬದಲಿಸಿ, ಡಾಕ್ಟರ್ ಬದಲಿಸಿ ಅದನ್ನೇ ಮಾಡಿಸುತ್ತಾ ಸಾಲ ಮಾಡಿಕೊಳ್ಳಬೇಡಿ.

ಈಗ ಲಾಕ್‌ಡೌನಿನ ಮನೆಗೆ ಬರೋಣ. ಆ ಸಹೋದರಿಯದು ಎರಡು ಕೋಣೆಯ ಮನೆ, ಏಳು ಮಂದಿ. ಮೊದಲಾದರೆ ಗಂಡ ಬೆಳಗ್ಗೆ ಆಟೋ ತೆಗೆದುಕೊಂಡು ಹೋಗುತ್ತಿದ್ದರು, ಮಕ್ಕಳು ಶಾಲೆಗೆ. ಹನ್ನೊಂದು ಗಂಟೆಗೆ ಅರ್ಧ ಗಂಟೆ ಕಾಲು ಚಾಚಿ ಮಲಗುವುದು ಅವರಿಗೆ ಸಾಧ್ಯವಿತ್ತು. ಅದು ಯಾರ ಕಣ್ಣಿಗೂ ಬೀಳದ ಅರ್ಧ ಗಂಟೆ. ಎಲ್ಲರೂ ಮನೆಯಲ್ಲೇ ಕುಳಿತ ಮೇಲೆ ಮೊದಲು ಹೋದದ್ದು ಅದೇ. ನಾಷ್ಟಾ ಮೂರು ಸರದಿ, ಚಹಾ ಐದು ಸರದಿ. ಮೊಬೈಲ್ ಒಂದೇ, ಅದರಲ್ಲಿ ಇಬ್ಬರು ಮಕ್ಕಳ ಆನ್‌ಲೈನ್ ಕ್ಲಾಸ್, ಪಕ್ಕದಲ್ಲಿ ಕುಳಿತು ನೋಡಿಕೊಳ್ಳುವುದು ತಾಯಿಯೇ. ಬೀಡಿ ಎಲೆ ಬರುವುದು ನಿಂತಿತು, ಕೈಗೆ ಬರುತ್ತಿದ್ದ ಕಾಸೂ ನಿಂತಿತು. ಕಿಟ್ ಹಂಚುವವರ ಮುಂದೆ ಸಾಲಿನಲ್ಲಿ ನಿಲ್ಲಬೇಕಾದವರೂ ಅವರೇ, ಯಾಕೆಂದರೆ ಗಂಡನಿಗೆ ಸಂಕೋಚ.

ಮೇಲಿನಿಂದ ಶುಚಿತ್ವ. ಇದು ಆರೋಗ್ಯ-ನೈರ್ಮಲ್ಯದ ಪುಟವಾದ್ದರಿಂದ ಇದನ್ನು ಹೇಳಲೇಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬಿ ಮನೆಯವರು ಹೊರಗಿನಿಂದ ಬಂದ ಪ್ರತಿಯೊಂದು ಚೀಲ, ಪ್ರತಿಯೊಂದು ತರಕಾರಿ, ಒಮ್ಮೆ ಹಾಕಿಕೊಂಡ ಪ್ರತಿಯೊಂದು ಬಟ್ಟೆಯನ್ನು ತೊಳೆಯಿಸುತ್ತಿದ್ದರು. ತೊಳೆಯಿಸುತ್ತಿದ್ದರು ಎಂದೆ, ತೊಳೆಯುತ್ತಿದ್ದರು ಎನ್ನಲಿಲ್ಲ. ದಿನಕ್ಕೆ ಎರಡು ಬಕೆಟ್ ಬಟ್ಟೆ ಹಿಂಡುವುದು ಕತ್ತು-ಹೆಗಲಿನ ನೋವಿರುವವರಿಗೆ ಏನು ಮಾಡುತ್ತದೆಂದು ಊಹಿಸಿ. ಕೊರೋನಾ ಮುಖ್ಯವಾಗಿ ಹರಡುವುದು ಸೋಂಕಿತರ ಉಸಿರು, ಕೆಮ್ಮು, ಮಾತಿನಿಂದ, ಅದರಲ್ಲೂ ಗಾಳಿಯಾಡದ ಕೋಣೆಗಳಲ್ಲಿ. ಮಾಸ್ಕ್ ಹಾಕಿ, ಕಿಟಕಿ ತೆರೆಯಿರಿ, ಕೈ ತೊಳೆಯಿರಿ. ತರಕಾರಿಗೆ ಹರಿಯುವ ನೀರು ಸಾಕು, ಸೋಪು ಹಾಕಲೇಬಾರದು. ಪರದೆ, ಚಾದರ್‌ಗಳನ್ನು ದಿನಾ ಒಗೆಯುವ ಅಗತ್ಯವಿಲ್ಲ. ಒಗೆಯಲೇಬೇಕೆಂದು ಹಟವಿದ್ದವರು ತಾವೇ ಒಗೆಯಲಿ.

ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗುತ್ತಿದ್ದರು, ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು ಎಂದು ಆಯಿಶಾ(ರ) ಅವರು ತಿಳಿಸಿದ್ದನ್ನು ನಾವು ಎಷ್ಟು ಜುಮಾ ಬಯಾನ್‌ಗಳಲ್ಲಿ ಕೇಳಿಲ್ಲ! ಮನೆಯಲ್ಲೇ ಇರಲು ತಿಂಗಳುಗಟ್ಟಲೆ ಸಮಯ ಸಿಕ್ಕಾಗ ನಮ್ಮ ಎಷ್ಟು ಗಂಡಸರು ಈ ಸುನ್ನತನ್ನು ಪಾಲಿಸಿದರು? ಕೆಲವರು ಪಾಲಿಸಿದರು, ಅಲ್ಲಾಹನು ಅವರಿಗೆ ಒಳಿತು ಮಾಡಲಿ. ನನ್ನ ದವಾಖಾನೆಗೆ ಬರುವ ಹೆಂಗಸರ ಕೈ ನೋಡಿದರೆ ಹೆಚ್ಚಿನವರು ಪಾಲಿಸಲಿಲ್ಲ ಎಂದು ಗೊತ್ತಾಗುತ್ತದೆ.

ಯುನಾನಿ ವೈದ್ಯರಾಗಿ ನೀವು ಏನು ಹೇಳುತ್ತೀರಿ ಎಂದು ಹಲವರು ಕೇಳುತ್ತಾರೆ. "ಇದೆಲ್ಲ ನಮ್ಮ ಗ್ರಂಥಗಳಲ್ಲಿ ಸಾವಿರ ವರ್ಷದ ಹಿಂದೆಯೇ ಇದೆ" ಎಂಬ ಜಂಬದ ಮಾತು ನನಗೆ ಇಷ್ಟವಿಲ್ಲ. ಇಬ್ನ್ ಸೀನಾ ಅವರಿಗೆ ಫೈಬ್ರೋಮಯಾಲ್ಜಿಯಾ ಗೊತ್ತಿರಲಿಲ್ಲ. ಆದರೆ ಅವರು 'ಅಲ್ ಖಾನೂನ್'ನಲ್ಲಿ ನೋವನ್ನು ಹದಿನೈದು ಬಗೆಯಾಗಿ ವಿಂಗಡಿಸಿದ್ದಾರೆ. ಚುಚ್ಚುವ ನೋವು, ಕೊರೆಯುವ ನೋವು, ಭಾರವಾದ ನೋವು ಹೀಗೆ. ಅದರಲ್ಲಿ ದಣಿವಿನ ನೋವು ಎಂದೇ ಒಂದು ಬೇರೆ ಬಗೆಯಿದೆ. ಹದಿನೈದು ಬಗೆ ಹೇಗೆ ಗೊತ್ತಾಗಿರಬೇಕು? ರೋಗಿ ಹೇಳಿದ್ದನ್ನು ಕುಳಿತು ಕೇಳಿದ್ದರಿಂದಲ್ಲದೆ ಬೇರೆ ದಾರಿ ಆ ಕಾಲದಲ್ಲಿ ಇರಲಿಲ್ಲ.

ನಮ್ಮ ಶಾಸ್ತ್ರದಲ್ಲಿ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂಬ ಆರು ಅಗತ್ಯಗಳ ಮಾತಿದೆ. ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು ಮತ್ತು ಹೋಗಬೇಕಾದದ್ದು ಹೋಗುವುದು. ಲಾಕ್‌ಡೌನ್ ಈ ಆರರಲ್ಲಿ ಯಾವುದನ್ನು ಕೆಡಿಸಲಿಲ್ಲ ಹೇಳಿ! ಮುಚ್ಚಿದ ಕೋಣೆಯ ಗಾಳಿ, ಹೊತ್ತಲ್ಲದ ಹೊತ್ತಿನ ಊಟ, ಕೂತಲ್ಲೇ ಕೂರುವುದು, ಟಿವಿಯಲ್ಲಿ ಇಡೀ ದಿನ ಸಾವಿನ ಸಂಖ್ಯೆ, ರಾತ್ರಿ ಎರಡರ ತನಕ ಮೊಬೈಲ್, ಅದರಿಂದ ಮಲಬದ್ಧತೆ. ನೋವಿನ ಗುಂಡಿ ಮೊದಲೇ ಮೇಲಿದ್ದವರಿಗೆ ಇದೆಲ್ಲ ಸೇರಿ ಇನ್ನೂ ಎರಡು ಸುತ್ತು ತಿರುಗಿಸಿದಂತಾಯಿತು. ಹಾಗಾಗಿ ಔಷಧದ ಹೆಸರು ಕೇಳುವ ಮೊದಲು ಈ ಆರನ್ನು ಸರಿಮಾಡಿಕೊಳ್ಳಿ ಎನ್ನುತ್ತೇನೆ.

ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಎಲ್ಲಕ್ಕಿಂತ ಉಪಯೋಗದ್ದು ಚಲನೆ. ಆರೋಗ್ಯ ಕಾಪಾಡುವ ವಿಷಯ ಬಂದಾಗ ಇಬ್ನ್ ಸೀನಾ ರಿಯಾಝತ್ ಅಂದರೆ ವ್ಯಾಯಾಮವನ್ನು ಮೊದಲಿಗೆ ಇಡುತ್ತಾರೆ, ಆಮೇಲೆ ಆಹಾರ, ಆಮೇಲೆ ನಿದ್ದೆ. ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ 2016ರಲ್ಲಿ ಈ ಕಾಯಿಲೆಗೆ ಪರಿಷ್ಕರಿಸಿದ ಶಿಫಾರಸುಗಳಲ್ಲೂ, ಹತ್ತಾರು ಚಿಕಿತ್ಸೆಗಳನ್ನು ತೂಗಿ ನೋಡಿ 'ಬಲವಾಗಿ' ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. "ಮೈಯೆಲ್ಲ ನೋಯುತ್ತಿರುವಾಗ ವ್ಯಾಯಾಮವೇ?" ಎಂದು ನೀವು ಸಿಟ್ಟಾಗುವುದು ಸಹಜ. ಜಿಮ್ಮಿಗೆ ಹೋಗಿ ಎನ್ನುತ್ತಿಲ್ಲ. ಮನೆಯ ಮಾಳಿಗೆಯ ಮೇಲೆ, ಇಲ್ಲದಿದ್ದರೆ ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ, ಐದು ನಿಮಿಷ ನಡೆಯಿರಿ. ಐದೇ ನಿಮಿಷ. ಚೆನ್ನಾಗಿದೆ ಅನಿಸಿದರೂ ಆರನೆಯ ನಿಮಿಷಕ್ಕೆ ಹೋಗಬೇಡಿ, ಬೇಜಾರಾದರೂ ನಾಲ್ಕಕ್ಕೆ ನಿಲ್ಲಿಸಬೇಡಿ. ಒಂದು ವಾರ ಆದ ಮೇಲೆ ಒಂದು ನಿಮಿಷ ಸೇರಿಸಿ. ಮೊದಲ ಎರಡು ಮೂರು ವಾರ ನೋವು ಸ್ವಲ್ಪ ಹೆಚ್ಚಾದಂತೆ ಅನಿಸಬಹುದು. ಅಲ್ಲಿಯೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಬಿಡಬೇಡಿ, ಬೇಕಿದ್ದರೆ ಸಮಯ ಕಡಿಮೆ ಮಾಡಿಕೊಂಡು ಮುಂದುವರಿಸಿ.

"ಇಡೀ ದಿನ ಮನೆಗೆಲಸ ಮಾಡುತ್ತೇನಲ್ಲ, ಅದು ವ್ಯಾಯಾಮವಲ್ಲವೇ?" ಇದು ನನಗೆ ವಾರಕ್ಕೆ ಹತ್ತು ಸಲ ಬರುವ ಪ್ರಶ್ನೆ. ಅಲ್ಲ. ಬಗ್ಗಿ ಗುಡಿಸುವುದು, ಕೂತು ರೊಟ್ಟಿ ತಟ್ಟುವುದು, ಬಟ್ಟೆ ಹಿಂಡುವುದು, ಇವೆಲ್ಲ ಅವವೇ ನಾಲ್ಕು ಸ್ನಾಯುಗಳನ್ನು ಮತ್ತೆ ಮತ್ತೆ ಎಳೆಯುವ ದುಡಿಮೆ. ನಡಿಗೆಯಲ್ಲಿ ಇಡೀ ಮೈ ಒಂದು ಲಯಕ್ಕೆ ಬರುತ್ತದೆ, ಉಸಿರಾಟ ತುಂಬುತ್ತದೆ, ಮನಸ್ಸು ಸ್ವಲ್ಪ ಹೊತ್ತು ನಿಮ್ಮದೇ ಆಗುತ್ತದೆ.

ಕೆಲಸದ ವಿಷಯದಲ್ಲಿ ಈ ರೋಗಿಗಳು ಒಂದು ತಪ್ಪು ಮಾಡುತ್ತಾರೆ. ಒಂದು ದಿನ ಮೈ ಸ್ವಲ್ಪ ಹಗುರವಾಗಿದ್ದರೆ ಸಾಕು, ಬಾಕಿ ಇದ್ದ ಕಂಬಳಿ, ಡಬ್ಬಿ, ಅಟ್ಟ ಎಲ್ಲವನ್ನೂ ಅವತ್ತೇ ಮುಗಿಸಿಬಿಡುತ್ತಾರೆ. ಮರುದಿನದಿಂದ ಮೂರು ದಿನ ಹಾಸಿಗೆ. ಅತ್ತೆಯ ಕಣ್ಣಿಗೆ ಇದು ಹೇಗೆ ಕಾಣುತ್ತದೆ? "ನಿನ್ನೆ ಗೂಳಿಯ ಹಾಗೆ ದುಡಿದಳು, ಇವತ್ತು ನಾಟಕ." ಹಗುರವಾದ ದಿನ ಅರ್ಧ ಕೆಲಸಕ್ಕೆ ನಿಲ್ಲಿಸಿ. ನೋವಿನ ದಿನವೂ ಪೂರ್ತಿ ಮಲಗದೆ ಚೂರುಪಾರು ಓಡಾಡಿ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕಾಲು ಚಾಚುವುದು. ಅಡುಗೆಮನೆಯಲ್ಲಿ ಒಂದು ಸ್ಟೂಲ್ ಇಟ್ಟುಕೊಳ್ಳಿ. ಈರುಳ್ಳಿ ಹೆಚ್ಚಲು ನಿಂತೇ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ನಿದ್ದೆಯ ಬಗ್ಗೆ ಒಂದು ಹಳೆಯ ಪ್ರಯೋಗವಿದೆ. 1975ರಲ್ಲಿ ಕೆನಡಾದ ಟೊರಾಂಟೊದಲ್ಲಿ ಆರೋಗ್ಯವಂತ ಯುವಕರನ್ನು ಮಲಗಿಸಿ, ಅವರು ಗಾಢ ನಿದ್ದೆಗೆ ಜಾರುವಾಗಲೆಲ್ಲ ಸದ್ದು ಮಾಡಿ ಅದನ್ನು ಕದಡಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಸುಸ್ತು ಶುರುವಾಯಿತು. ನಿದ್ದೆ ಮಾಡಲು ಬಿಟ್ಟಾಗ ಹೋಯಿತು. ಅಂದರೆ ನೋವಿನಿಂದ ನಿದ್ದೆ ಕೆಡುವುದು ಮಾತ್ರವಲ್ಲ, ನಿದ್ದೆ ಕೆಟ್ಟರೂ ನೋವು ಬರುತ್ತದೆ. 2021ರ ರಮಝಾನಿನಲ್ಲೂ ನಮ್ಮ ಮನೆಗಳಲ್ಲಿ ರಾತ್ರಿ ಹಗಲಾಗಿತ್ತು. ಈದ್ ಕಳೆದು ಎಷ್ಟೋ ದಿನವಾದರೂ, ಶಾಲೆಯಿಲ್ಲ ಕೆಲಸವಿಲ್ಲ ಎಂದು ಮಕ್ಕಳು ಮತ್ತು ಗಂಡಸರು ಅದೇ ಕ್ರಮದಲ್ಲಿದ್ದರು. ಒಂದು ಗಂಟೆಗೆ ಅವರಿಗೆ ಹಸಿವಾದಾಗ ಏಳುತ್ತಿದ್ದವರು ಯಾರು? ಇಶಾ ಮುಗಿಸಿ ಬೇಗ ಮಲಗುವುದು ನಮ್ಮ ಧರ್ಮ ಕಲಿಸಿದ ಅಭ್ಯಾಸ. ಮನೆಯಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಹತ್ತೂವರೆಗೆ ಇಡೀ ಮನೆಯ ದೀಪ ಆರಲಿ, ಮೊಬೈಲ್‌ಗಳು ಬೇರೆ ಕೋಣೆಯಲ್ಲಿರಲಿ.

ಮಲಗುವ ಮುಂಚೆ ಬಿಸಿನೀರಿನ ಸ್ನಾನ, ಇಲ್ಲದಿದ್ದರೆ ಬಿಸಿನೀರಿನ ಬ್ಯಾಗ್ ಹೆಗಲಿಗೆ ಇಟ್ಟುಕೊಳ್ಳುವುದು ಹಿತ ಕೊಡುತ್ತದೆ. ಮೆತ್ತಗೆ ಎಣ್ಣೆ ಸವರಿ ತಿಕ್ಕಿಸಿಕೊಳ್ಳಬಹುದು. ರೋಗನ್ ಬಾಬೂನಾ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಮನೆಯ ಎಳ್ಳೆಣ್ಣೆಯೇ ಆದೀತು. ಇಲ್ಲಿ ಎಣ್ಣೆಗಿಂತ ಕೈ ಮುಖ್ಯ. ಜೋರಾಗಿ ಒತ್ತಿ "ಗಂಟು ಬಿಡಿಸುವವರ" ಕೈಗೆ ಸಿಕ್ಕಬೇಡಿ, ಎರಡು ದಿನ ಏಳಲಾರಿರಿ. ಹಿಜಾಮಾದಿಂದ ಕೆಲವರಿಗೆ ಕೆಲವು ದಿನ ಹಗುರವೆನಿಸುತ್ತದೆ, ನಾನೂ ಮಾಡುತ್ತೇನೆ. ಆದರೆ ಮೂರು ಸಲ ಹಿಜಾಮಾ ಮಾಡಿಸಿದರೆ ಫೈಬ್ರೋಮಯಾಲ್ಜಿಯಾ ಬುಡಸಮೇತ ಹೋಗುತ್ತದೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಮನೆಮನೆಗೆ ಬಂದು, ಒಂದೇ ಪೆಟ್ಟಿಗೆಯ ಕಪ್ಪುಗಳನ್ನು ಎಲ್ಲರಿಗೂ ಬಳಸುವವರಿಗಂತೂ ಬಾಗಿಲು ತೆಗೆಯಬೇಡಿ.

ನನ್ನ ವೃತ್ತಿಯವರಿಗೆ ಬೇಸರವಾಗುವ ಮಾತು ಇನ್ನೊಂದಿದೆ. ಮೈಕೈ ನೋವು ಎಂದರೆ ಸಾಕು, ಸುರಂಜಾನ್ ಗುಳಿಗೆ ಕೊಡುವ ರೂಢಿ ನಮ್ಮಲ್ಲಿದೆ. ನಾನೂ ಅವತ್ತು ಕೊಟ್ಟದ್ದು ಅದನ್ನೇ. ಸುರಂಜಾನ್ ಬಾವು ಬಂದ ಕೀಲುಗಳಿಗೆ ಸಂಬಂಧಿಸಿದ ಔಷಧ. ಅದರ ಕಹಿ ಜಾತಿಯಲ್ಲಿ ಕೊಲ್ಚಿಸಿನ್ ಎಂಬ ತೀಕ್ಷ್ಣ ವಸ್ತುವಿದೆ, ಹೆಚ್ಚಾದರೆ ವಾಂತಿ-ಭೇದಿ ಮಾತ್ರವಲ್ಲ, ಜೀವಕ್ಕೇ ಅಪಾಯ. ಬಾವೇ ಇಲ್ಲದ ಈ ಕಾಯಿಲೆಗೆ ಅದನ್ನು ತಿಂಗಳುಗಟ್ಟಲೆ ನುಂಗಿಸುವುದರಲ್ಲಿ ಅರ್ಥವಿಲ್ಲ. ಅಂಗಡಿಯಲ್ಲಿ ಸಿಗುವ ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳೂ ಇದಕ್ಕೆ ನಾಟುವುದಿಲ್ಲ, ಹೊಟ್ಟೆ ಮತ್ತು ಕಿಡ್ನಿ ಮಾತ್ರ ಕೆಡುತ್ತವೆ. ಇನ್ನು "ಗಿಡಮೂಲಿಕೆ, ಒಂದೇ ದಿನದಲ್ಲಿ ಗುಣ" ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ. ಒಂದೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡಬೇಡಿ, ಹೆದರಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆ ಇದೆ. ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್ ಜೊತೆಗೂಡಿದಾಗ ಏನಾಗುತ್ತದೆ ಎಂಬುದನ್ನು ಕಪ್ಪು ಶಿಲೀಂಧ್ರದ ರೂಪದಲ್ಲಿ ನಾವು 2021ರಲ್ಲಿ ಪತ್ರಿಕೆಗಳಲ್ಲಿ ದಿನಾ ಓದಿದೆವು.

ನಝರ್ ಆಗಿದೆ, ಯಾರೋ ಮಾಡಿಸಿದ್ದಾರೆ ಎಂದು ಆಮಿಲ್‌ಗಳ ಬಳಿ ಹೋಗಿ ಐದು ಸಾವಿರ, ಹತ್ತು ಸಾವಿರ ಕೊಟ್ಟು ಬಂದವರನ್ನೂ ಕಂಡಿದ್ದೇನೆ. ದುಆ ಮಾಡಿ, ಕುರ್‌ಆನ್ ಓದಿ, ಮನಸ್ಸಿಗೆ ನೆಮ್ಮದಿ ಬರುತ್ತದೆ. ಅದಕ್ಕೆ ಮಧ್ಯವರ್ತಿಯೂ ಬೇಡ, ಹಣವೂ ಬೇಡ.

ಅಲೋಪಥಿಯಲ್ಲಿ ಇದಕ್ಕೆ ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಎಂಬ ಔಷಧಗಳಿವೆ. ಎಲ್ಲರಿಗೂ ಬೇಕಾಗುವುದಿಲ್ಲ, ಕೆಲವರಿಗೆ ಚೆನ್ನಾಗಿಯೇ ಉಪಯೋಗವಾಗುತ್ತದೆ. "ಅದು ಹುಚ್ಚಿನ ಮಾತ್ರೆ" ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ನೋವಿನ ಗುಂಡಿಯನ್ನು ಕೆಳಕ್ಕೆ ತಿರುಗಿಸಲು ಅವನ್ನು ಕೊಡುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸಬಾರದು. 2021ರ ಲಾಕ್‌ಡೌನಿನಲ್ಲಿ ದಿನಸಿ ಅಂಗಡಿಗೆ ಬೆಳಗ್ಗೆ 6ರಿಂದ 10ರ ಮಿತಿಯಿದ್ದಾಗಲೂ ಔಷಧದ ಅಂಗಡಿಗೆ ಇರಲಿಲ್ಲ. ಡಾಕ್ಟರನ್ನು ಕಾಣಲಾಗದಿದ್ದರೆ ಕೇಂದ್ರ ಸರಕಾರದ ಇ-ಸಂಜೀವನಿ ವ್ಯವಸ್ಥೆಯಲ್ಲಿ ಮೊಬೈಲ್ ಮೂಲಕವೇ ಉಚಿತವಾಗಿ ವೈದ್ಯರ ಸಲಹೆ ಪಡೆಯಬಹುದು. ಹಿಂದಿನ ಚೀಟಿಯನ್ನು ಕೈಯಲ್ಲಿಟ್ಟುಕೊಂಡು ಕೂರಿ. ಯುನಾನಿ ಔಷಧ ಜೊತೆಗೆ ತೆಗೆದುಕೊಳ್ಳುತ್ತಿದ್ದರೆ ಇಬ್ಬರು ವೈದ್ಯರಿಗೂ ಮುಚ್ಚಿಡದೆ ಹೇಳಿ.

ಕೊರೋನಾ ವಿಷಯದಲ್ಲಿ ಒಂದು ಎಚ್ಚರಿಕೆ. "ನನಗೆ ಯಾವಾಗಲೂ ಮೈ ನೋವು ಇದ್ದದ್ದೇ" ಎಂದು ಸುಮ್ಮನಿದ್ದು ಅಪಾಯ ತಂದುಕೊಂಡವರಿದ್ದಾರೆ. ಜ್ವರ, ಕೆಮ್ಮು, ವಾಸನೆ-ರುಚಿ ಹೋಗುವುದು, ಉಸಿರಾಟಕ್ಕೆ ತೊಂದರೆ ಇದ್ದರೆ ಅದು ಫೈಬ್ರೋಮಯಾಲ್ಜಿಯಾ ಅಲ್ಲ. ತಕ್ಷಣ ಪರೀಕ್ಷೆ ಮಾಡಿಸಿ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಹೋಗಿ. ಅದೇ ರೀತಿ ಕೀಲು ಊದುವುದು, ತೂಕ ಇಳಿಯುವುದು, ಕೈಕಾಲಿನ ಬಲವೇ ಹೋಗುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು, ಎದೆನೋವು, ಇವುಗಳನ್ನು ಹಳೆಯ ನೋವಿನ ಖಾತೆಗೆ ಹಾಕಬೇಡಿ. ಲಸಿಕೆಯ ಬಗ್ಗೆ ಕೇಳುವವರೂ ಬಹಳ. ಇದು ರೋಗನಿರೋಧಕ ಶಕ್ತಿ ಕುಂದುವ ಕಾಯಿಲೆಯಲ್ಲ, ಈ ಕಾರಣಕ್ಕಾಗಿ ಲಸಿಕೆ ಬಿಡಬೇಕಾಗಿಲ್ಲ. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ನಿಮಗೆ ಇತರರಿಗಿಂತ ಹೆಚ್ಚು ಮೈ ನೋವು ಆಗಬಹುದು. ಆ ಎರಡು ದಿನ ಅಡುಗೆ ಯಾರು ಮಾಡುತ್ತಾರೆ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಲಸಿಕೆಗೆ ಹೋಗಿ.

ನಮಾಝ್ ಕುರಿತು ಸಂಕೋಚದಿಂದ ಕೇಳುವವರಿದ್ದಾರೆ. ನಿಂತು ಆಗದಿದ್ದರೆ ಕುಳಿತು, ಕುಳಿತು ಆಗದಿದ್ದರೆ ಮಲಗಿ ಎಂಬ ರಿಯಾಯಿತಿ ರೋಗಿಗೆ ಇದೆ. ಆದರೆ ನಲವತ್ತರ ಹೆಂಗಸು ಕುರ್ಚಿಯಲ್ಲಿ ನಮಾಝ್ ಮಾಡಿದರೆ ಎಪ್ಪತ್ತರ ಅತ್ತೆ ನೆಲದಲ್ಲಿ ಸಜ್ದಾ ಮಾಡುತ್ತಾ ಓರೆಗಣ್ಣಿನಿಂದ ನೋಡುತ್ತಾರೆ. ರಿಯಾಯಿತಿ ಕೊಟ್ಟವನು ಅಲ್ಲಾಹನು, ಅದನ್ನು ಪ್ರಶ್ನಿಸುವ ಅಧಿಕಾರ ಮನೆಯವರಿಗಿಲ್ಲ. ಬಿಟ್ಟ ಉಪವಾಸಗಳನ್ನು ಯಾವಾಗ, ಹೇಗೆ ಪೂರೈಸುವುದೆಂದು ನಿಮ್ಮ ಆಲಿಮ್‌ರನ್ನೂ ವೈದ್ಯರನ್ನೂ ಕೇಳಿ.

ಆ ಸಹೋದರಿಯ ವಿಷಯಕ್ಕೆ ಬಂದರೆ, ಅಕ್ಟೋಬರ್‌ನಲ್ಲಿ ನಾನು ಅವರಿಗೆ ಕ್ಷಮೆ ಕೇಳಿದೆ. ಮರುದಿನ ಗಂಡನನ್ನು ಕರೆದುಕೊಂಡು ಬರಲು ಹೇಳಿ, ಕಾಯಿಲೆಯ ಹೆಸರನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬರೆದುಕೊಟ್ಟೆ. ಔಷಧದ ಹೆಸರಿಗಿಂತ ಆ ಚೀಟಿಯೇ ಹೆಚ್ಚು ಕೆಲಸ ಮಾಡಿತೋ ಏನೋ. ಮನುಷ್ಯ ಕೆಟ್ಟವರಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಹದಿನೈದು ನಿಮಿಷ ಸುಮ್ಮನೆ ಕೇಳಿ, ಕೊನೆಗೆ "ಹಾಗಾದರೆ ಇಷ್ಟು ದಿನ ಇವಳು ಹೇಳಿದ್ದು ನಿಜವೇ ಮೇಡಂ?" ಎಂದರು. ಎರಡನೆಯ ಲಾಕ್‌ಡೌನಿನ ಹೊತ್ತಿಗೆ ಫೋನಿನಲ್ಲಿ ಮಾತಾಡಿದಾಗ ಆಕೆ, ನೋವು ಹೋಗಿಲ್ಲ, ಆದರೆ ಈ ಲಾಕ್‌ಡೌನ್ ಕಳೆದ ಸಲದಷ್ಟು ಭಾರವಾಗಿಲ್ಲ ಎಂದರು. ಬಟ್ಟೆ ಹಿಂಡುವುದು ಈಗ ಗಂಡನ ಕೆಲಸ, ನೀರು ತುಂಬುವುದು ದೊಡ್ಡ ಮಗನದು. ಮಾಳಿಗೆಯ ಮೇಲೆ ಹದಿನೆಂಟು ನಿಮಿಷ ನಡೆಯುತ್ತಾರೆ. ಅತ್ತೆ ಇನ್ನೂ ಗೊಣಗುತ್ತಾರೆ.

ಪ್ರತಿ ವರ್ಷ ಚಂದ್ರದರ್ಶನದಂತೆ ಬಕ್ರೀದ್ ಬರುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರ ಬೆನ್ನು ಮುರಿಯುವ ದಿನ ಅದು. ಮಾಂಸ ತೊಳೆಯುವುದು, ಪಾಲು ಮಾಡುವುದು, ಹಂಚಲು ಚೀಲ ಕಟ್ಟುವುದು, ಬಂದವರಿಗೆಲ್ಲ ಅಡುಗೆ, ಸಂಜೆ ನೆಲ ತಿಕ್ಕುವುದು. ಇದರಲ್ಲಿ ಯಾವ ಕೆಲಸ ಯಾರದು ಎಂದು ಮೊದಲೇ ಕುಳಿತು ಮಾತಾಡಿ, ಒಂದು ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮೈಯೆಲ್ಲ ನೋವೆನ್ನುವ ಆ ಒಬ್ಬರ ಹೆಸರಿನ ಮುಂದೆ ಕೂತು ಮಾಡುವ ಒಂದೇ ಒಂದು ಕೆಲಸ ಇರಲಿ.